ಕೆಳಗೇರಿ ಸಣ್ಣಕ್ಕನ ಮೊಮ್ಮಗಳು

ಮಧುಗಿರಿ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ರಾಧಾಮಣಿಯ ನಮಸ್ಕಾರ. ಮೊಣಕಾಲು ಹೇಗಿದೆ, ರಾತ್ರಿ ನಿದ್ದೆ ಬರುತ್ತಿದೆಯೇ, ಮಾತ್ರೆಯನ್ನು ನುಂಗುತ್ತಿದ್ದೀರೋ ಇಲ್ಲ ಮೊದಲಿನ ಹಾಗೆ ಸೆರಗಿನ ಗಂಟಿನಲ್ಲೇ ಕಟ್ಟಿಟ್ಟುಕೊಂಡು ತಿರುಗುತ್ತಿದ್ದೀರೋ ತಿಳಿಯದು. ನಾಗಲಮಡಿಕೆಯಲ್ಲಿ ಬೆಳಗಿನ ಹೊತ್ತು ಥಂಡಿ ಹೆಚ್ಚೆಂದು ಮಂಜಮ್ಮ ಮೆಸೇಜು ಹಾಕಿದ್ದಳು. ನಿಮ್ಮ ಕಂದು ಶಾಲು ಇಲ್ಲೇ ಬೀರುವಿನಲ್ಲಿ ಉಳಿದಿದೆ. ಅಲ್ಲಿ ಕಡಲೆಕಾಯಿ ಕಿತ್ತು ಮುಗಿದಿರಬೇಕು. ನೀವು ಮಗಳ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತು ಕಾಯಿ ಬಿಡಿಸುತ್ತಿದ್ದೀರಿ ಎಂದೇ ನಾನು ಅಂದುಕೊಳ್ಳುತ್ತೇನೆ. ಇಲ್ಲಿ ಅವರೆಕಾಯಿ ಬಂದಿದೆ. ಸಂತೆಯಲ್ಲಿ ನೋಡಿದೆ, ತರಲಿಲ್ಲ. ನೆನೆಸಿದ ಕಾಳನ್ನು ಹಿದುಕುತ್ತಿದ್ದ ನೀವೂ ಇಲ್ಲ, ಹಿದುಕಿದ ಕಾಳನ್ನು ಗೋಡೆಗೆ ಹಾರಿಸಿ ನಿಮ್ಮಿಂದ ಬೈಸಿಕೊಳ್ಳುತ್ತಿದ್ದವಳೂ ಇಲ್ಲ.

ಮಂಜಮ್ಮ, ಇದನ್ನು ಅತ್ತೆಗೆ ಓದಿ ಹೇಳುವವಳು ನೀನೇ. ನಿನ್ನ ಅಭ್ಯಾಸದಂತೆ ನಾಲ್ಕು ಸಾಲು ಓದಿ ಮಿಕ್ಕಿದ್ದನ್ನು ನಿನ್ನ ಪಾವಗಡದ ತೆಲುಗಿನಲ್ಲಿ ಒಟ್ಟು ಮಾಡಿ ಹೇಳಬೇಡ. ನಿಧಾನವಾಗಿ, ಬರೆದಿರುವಂತೆಯೇ ಓದು. ನಿನ್ನ ಅಣ್ಣನ ವಿಷಯ ಬಂದ ಕಡೆಯೂ ಬಿಡಬೇಡ.

ಅತ್ತೆ, ಫೋನಿರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ನಿಮ್ಮ ಉಸಿರು ನನಗೆ ಕೇಳುತ್ತದೆ, ನನ್ನದು ನಿಮಗೆ. ಅಷ್ಟಾದ ಮೇಲೆ ಯಾರೋ ಒಬ್ಬರು ಇಟ್ಟುಬಿಡುತ್ತೇವೆ. ನನಗೆ ಗಂಟಲು ಕೆಟ್ಟಿದೆ ಎಂದು ನಿಮ್ಮ ಮಗ ನಿಮಗೆ ಹೇಳಿದ್ದಾರೆ. ಅದು ಪೂರ್ತಿ ನಿಜವಲ್ಲ. ನನಗೆ ದನಿ ಹೋಗಿದೆ. ಜುಲೈ ತಿಂಗಳಿನಿಂದ ನಾನು ಒಂದು ಮಾತನ್ನೂ ಆಡಿಲ್ಲ.

ನಮ್ಮ ಮಗು ಸಹನಾಳನ್ನು ಊರಿನಲ್ಲಿ ಮಣ್ಣು ಮಾಡಿ, ನೀವು ಅಲ್ಲಿಂದಲೇ ಮಂಜಮ್ಮನ ಜೊತೆ ಹೊರಟುಹೋದ ಮೇಲೆ, ನಾವಿಬ್ಬರೂ ಮಧುಗಿರಿಗೆ ವಾಪಸು ಬಂದೆವಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಹಾಲಿನವನು ಬಂದು ಬಾಗಿಲು ಬಡಿದ. ಇನ್ನು ಮೇಲೆ ಅರ್ಧ ಲೀಟರ್ ಸಾಕು ಎಂದು ಅವನಿಗೆ ಹೇಳಬೇಕಿತ್ತು. ಬಾಯಿ ತೆರೆದೆ. ತುಟಿ ಆಡಿತು, ಗಾಳಿ ಬಂತು, ಮಾತು ಬರಲಿಲ್ಲ. ಅವನು ಅಳತೆ ಮಾಡಿ ಎಂದಿನಷ್ಟನ್ನೇ ಪಾತ್ರೆಗೆ ಸುರಿದು ಹೋದ. ಈಗಲೂ ಹಾಗೆಯೇ ಸುರಿಯುತ್ತಾನೆ. ಮಿಕ್ಕಿದ್ದನ್ನು ಹೆಪ್ಪು ಹಾಕುತ್ತೇನೆ.

ಶಾಲೆಯಲ್ಲಿ ರಜೆ ಕೊಟ್ಟರು. ಮೊದಲ ಕೆಲವು ವಾರ ಹೋಗಿ ನೋಡಿದ್ದೆ. ಮೂರನೇ ಕ್ಲಾಸಿನ ಮಕ್ಕಳು ನಾನು ಮಾತಾಡದಿರುವುದನ್ನು ತಮಗೆ ಕೊಟ್ಟ ಶಿಕ್ಷೆ ಎಂದುಕೊಂಡವು. ಒಂದು ಮಗು ಬಂದು, 'ಮಿಸ್, ನಾವೇನೂ ಗಲಾಟೆ ಮಾಡಲ್ಲ, ಮಾತಾಡಿ ಮಿಸ್' ಎಂದಿತು. ಅವತ್ತಿನಿಂದ ಹೋಗಿಲ್ಲ. ದನಿ ಬರದಿದ್ದರೆ ಪಾಠ ಮಾಡುವ ಕೆಲಸ ನನಗೆ ಉಳಿಯುವುದಿಲ್ಲ ಎಂಬುದು ಮುಖ್ಯೋಪಾಧ್ಯಾಯರಿಗೂ ಗೊತ್ತು, ಅವರು ಬಾಯಿಬಿಟ್ಟು ಹೇಳಿಲ್ಲ. ಶಾಲೆಯಿಂದ ತಂದ ಒಂದು ಸ್ಲೇಟಿನ ಮೇಲೆ ಬರೆದು ಒರೆಸಿ ಕಾಲ ಹಾಕುತ್ತಿದ್ದೇನೆ. ತರಕಾರಿಯವಳಿಗೆ ಓದು ಬರುವುದಿಲ್ಲ. ಅವಳಿಗೆ ಚಿತ್ರ ಬರೆದು ತೋರಿಸುತ್ತೇನೆ. ನಾನು ಬರೆದ ಬದನೆಕಾಯಿ ನೋಡಿ ಅವಳು ಪ್ರತಿಸಲ ನಗುತ್ತಾಳೆ.

ತುಮಕೂರಿನಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಮೂಗಿನಿಂದ ನಳಿಗೆ ಇಳಿಸಿ ನೋಡಿ, ಗಂಟಲಲ್ಲಿ ಏನೂ ತೊಂದರೆಯಿಲ್ಲ, ಮನಸ್ಸಿನದು ಎಂದು ಆಪ್ತ ಸಮಾಲೋಚಕರೊಬ್ಬರ ಬಳಿ ಕಳಿಸಿದರು. ಮಾತಾಡಿಸಿ ಮಾತಾಡಿಸಿ ಮನಸ್ಸಿನ ಗಾಯ ವಾಸಿ ಮಾಡುವವರು, ಅಷ್ಟೇ, ಔಷಧಿ ಕೊಡುವವರಲ್ಲ. ಅವರು ಒಳ್ಳೆಯವರೇ. ಕಣ್ಣು ಮುಚ್ಚಿ ಉಸಿರು ಬಿಡಿ, ಮಗಳ ಜೊತೆ ಕಳೆದ ಒಳ್ಳೆಯ ಗಳಿಗೆಗಳನ್ನು ನೆನೆಸಿಕೊಳ್ಳಿ, ಆದದ್ದನ್ನು ಒಪ್ಪಿಕೊಳ್ಳಿ ಎನ್ನುತ್ತಿದ್ದರು. ಆದರೆ ನಾನು ಯಾವ ದಾರಿಯಲ್ಲಿ ಅಲ್ಲಿಗೆ ಬರುತ್ತೇನೆಂದು ಅವರು ಕೇಳಲೇ ಇಲ್ಲ. ಮಧುಗಿರಿಯಿಂದ ತುಮಕೂರಿಗೆ ಕೊರಟಗೆರೆ ಮೇಲೆಯೇ ಹೋಗಬೇಕು. ಡೆಂಗಿ ಜ್ವರ ಏರಿ ಅವಳನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿಕೊಂಡು ಹೋದದ್ದೂ ಅದೇ ದಾರಿ. ಕೊರಟಗೆರೆ ದಾಟಿ ಹುಣಸೆಮರಗಳ ಸಾಲು ಬರುತ್ತದಲ್ಲ, ಅಲ್ಲಿ ಅವಳ ಕೈ ನನ್ನ ಕೈಯಲ್ಲಿ ಹಿಡಿತ ಬಿಟ್ಟಿತು. ವಾರವಾರವೂ ಆ ಮರಗಳನ್ನು ದಾಟಿ ಹೋಗಿ, ಕಣ್ಣು ಮುಚ್ಚಿ ಒಳ್ಳೆಯ ಗಳಿಗೆ ನೆನೆಸಿಕೊಂಡು, ಮತ್ತೆ ಅದೇ ಮರಗಳನ್ನು ದಾಟಿ ಬರುತ್ತಿದ್ದೆ. ಕೊನೆಗೆ ಒಂದು ದಿನ ಕೊರಟಗೆರೆಯಲ್ಲೇ ಇಳಿದು ಎದುರು ಬಸ್ಸು ಹತ್ತಿ ಮನೆಗೆ ಬಂದೆ.

ಇಲ್ಲಿನ ಆಸ್ಪತ್ರೆಗೂ ವಾರಕ್ಕೊಂದು ದಿನ ಅಂಥವರು ಬರುತ್ತಾರೆಂದು ಆಮೇಲೆ ಗೊತ್ತಾಯಿತು. ಅವರ ಹೆಸರು ಲಕ್ಷ್ಮೀದೇವಿ. ಸಿರಾ ಕಡೆಯ ಹಳ್ಳಿಯ ಬೇಸಾಯಗಾರರ ಮನೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು. ಮೊದಲ ದಿನ ಅವರೂ ಎಡವಿದರು. ನಿಮ್ಮ ಮಗ ಧರ್ಮ ಎಂದು ಕೇಳಿದ ಕಡೆ ಬೌದ್ಧ ಎಂದು ಬರೆಸಿದ್ದರು. ಅದನ್ನು ನೋಡಿ ಆಕೆ ಪಾಪ ತುಂಬ ಓದಿಕೊಂಡು ಬಂದಿದ್ದರು. ಮೊಬೈಲಿನಲ್ಲಿ ಪಾಲಿ ಭಾಷೆಯ ಪಠಣ ಹಾಕಿ, ಎಲ್ಲವೂ ಅನಿತ್ಯ ಎಂಬುದರ ಬಗ್ಗೆ ಮೆಲ್ಲಗೆ ಹೇಳತೊಡಗಿದರು. ನಾನು ಸ್ಲೇಟಿನ ಮೇಲೆ ಬರೆದೆ: 'ಇದನ್ನು ನನ್ನ ಮದುವೆಯಲ್ಲಿ ಕೇಳಿದ್ದೆ. ಚೆನ್ನಾಗಿದೆ. ಅಳುವಾಗ ನಾವು ಹೀಗೆ ಅಳುವುದಿಲ್ಲ.' ಅವರು ಓದಿ ಮೊಬೈಲು ಆರಿಸಿದರು. ನಕ್ಕು, 'ನಾನೇ ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಕೇಳ್ತೀನಿ. ನಿಮ್ಮನೇಲಿ ಯಾರಾದ್ರೂ ಹೋದ್ರೆ ಮೊದ್ಲು ಅಳೋದು ಯಾರು?' ಎಂದರು.

ಅಷ್ಟು ದಿನದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. 'ಅತ್ತೆ' ಎಂದು ಬರೆದೆ. 'ಅತ್ತರಾ?' ಎಂದರು. 'ಇಲ್ಲ.' 'ಯಾಕೆ?' ಎಂದರು. ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅದನ್ನು ಬರೆಯಬೇಕೆಂದರೆ ನಾವು ಯಾರು, ಯಾವ ಕೇರಿಯವರು ಎಂಬುದನ್ನೂ ಬರೆಯಬೇಕಾಗುತ್ತದೆ. ಈ ಊರಿನಲ್ಲಿ ಇಷ್ಟು ವರ್ಷ ಬರೆಯದೆ, ಹೇಳದೆ ಇದ್ದದ್ದು. ಖಾಲಿ ಸ್ಲೇಟನ್ನೇ ಒರೆಸಿ ಎದ್ದು ಬಂದೆ. ಮುಂದಿನ ವಾರ ಹೋಗಿ ಎಲ್ಲವನ್ನೂ ಕಾಗದದಲ್ಲಿ ಬರೆದು ಕೊಟ್ಟೆ. ನೀವು ಅಲ್ಲೇ ಇದ್ದಿರಿ, ನಿಮಗೆ ಗೊತ್ತು. ಆದರೂ ಅವರಿಗೆ ಬರೆದದ್ದನ್ನೇ ನಿಮಗೂ ಬರೆಯುತ್ತೇನೆ. ನನ್ನ ಕಡೆಯಿಂದ ಅದು ಹೇಗೆ ಕಂಡಿತೆಂದು ನಿಮಗೂ ತಿಳಿದಿರಲಿ.

ಊರಿಗೆ ಒಯ್ಯುವ ಮೊದಲು ಅವಳನ್ನು ಮಧುಗಿರಿಯ ಮನೆಯ ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದೆವು, ಅವಳ ಕ್ಲಾಸಿನ ಮಕ್ಕಳು, ನಿಮ್ಮ ಮಗನ ತಾಲ್ಲೂಕು ಕಚೇರಿಯವರು ನೋಡಲೆಂದು. ನೀವು ಅವಳ ತಲೆಯ ಹತ್ತಿರ ಕೂತು ಜಡೆ ಸರಿಮಾಡಿದಿರಿ. ಮನೆ ಮಾಲೀಕರಾದ ಮಹಾಲಿಂಗಯ್ಯನವರು, ಅವರ ಹೆಂಡತಿ, ಬೀದಿಯವರು ಬಾಗಿಲ ಬಳಿ ನಿಂತಿದ್ದರು. ಆಗ ನೀವು ಸೆರಗನ್ನು ಬಾಯಿಂದ ತೆಗೆದು, ಎದೆಗೆ ಒಂದು ಸಲ ಕೈ ಬಡಿದುಕೊಂಡು, ಹೇಳಿಕೊಂಡು ಅಳಲು ದನಿ ಎತ್ತಿದಿರಿ. 'ನನ್ನವ್ವಾ, ಜೋಡಿ ಜಡೆಯ ನನ್ನವ್ವಾ, ಕೆಳಗೇರಿ ಸಣ್ಣಕ್ಕನ ಮೊಮ್ಮಗಳೇ...' ನಿಮ್ಮ ಹೆಸರು, ನಮ್ಮ ಕೇರಿ, ಅಷ್ಟೇ. ನಿಮ್ಮ ಮಗ ಬಗ್ಗಿ ನಿಮ್ಮ ಬಾಯಿಯ ಮೇಲೆ ಕೈಯಿಟ್ಟರು. 'ಅಮ್ಮ, ಇಲ್ಲಿ ಬೇಡ' ಎಂದರು. ಜೋರಾಗಿ ಹೇಳಲಿಲ್ಲ. ನೀವು ಅವರ ಮುಖ ನೋಡಿದಿರಿ, ಆಮೇಲೆ ಬಾಗಿಲಲ್ಲಿ ನಿಂತವರನ್ನು ನೋಡಿದಿರಿ, ಸೆರಗನ್ನು ಮತ್ತೆ ಬಾಯಿಗೆ ತುಂಬಿಕೊಂಡಿರಿ. ನಾನು ನಿಮ್ಮ ಕೊರಳಿಗೆ ಬೀಳಲು ಅರ್ಧ ಎದ್ದಿದ್ದವಳು ಹಾಗೆಯೇ ಕೂತೆ. ಸಂಜೆ ಊರಿನಲ್ಲಿ ಕೇರಿಯ ಹೆಂಗಸರೆಲ್ಲ ಬಂದು ಸುತ್ತ ಕೂತು ನಿಮ್ಮ ಬಾಯಿ ನೋಡಿದರು. ಮನೆಯ ಹಿರಿಯ ಹೆಂಗಸು ಎತ್ತಿಕೊಡದೆ ಬೇರೆಯವರು ಹೇಳಿಕೊಂಡು ಅಳುವಂತಿಲ್ಲವಲ್ಲ. ನೀವು ಎತ್ತಿಕೊಡಲಿಲ್ಲ. ಬಂದ ಬೌದ್ಧ ಭಿಕ್ಷು ಭಂತೆಯವರು ತ್ರಿಶರಣ ಹೇಳಿಸಿದರು, ನಾವು ಹೇಳಿದೆವು, ಮಣ್ಣು ಹಾಕಿದೆವು. ಅಷ್ಟು ಹೆಂಗಸರಿದ್ದ ಕಡೆ ಗುದ್ದಲಿಯ ಸದ್ದು ಮಾತ್ರ ಕೇಳುತ್ತಿತ್ತು.

ನಾವು ವಾಪಸು ಬಂದ ಮರುದಿನ ಬೆಳಗ್ಗೆ ಮಹಾಲಿಂಗಯ್ಯನವರ ಹೆಂಡತಿ ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡು, 'ಎಷ್ಟು ಡೀಸೆಂಟಾಗಿ ಮಾಡಿದ್ರಿ ಮಿಸ್. ಕೆಲವರ ಮನೇಲಿ ನೋಡ್ಬೇಕು, ಬೀದಿಯೆಲ್ಲ ಒಂದು ಮಾಡ್ಬುಡ್ತಾರೆ' ಎಂದರು. ಹಾಲಿನವನು ಬಂದದ್ದು ಅದಾದ ಮೇಲೆ.

ನೀವು ಒಂದೇ ಒಂದು ಮಾತು ಆಡಿದಿರಿ, ಊರಿನಿಂದ ಹೊರಡುವಾಗ, ಬಸ್ಸಿನ ಮೆಟ್ಟಿಲಲ್ಲಿ ನಿಂತು. 'ಯಾರ ಮನೆ ಮಗು ಅಂತ ಯೋಳ್ಲೇ ಇಲ್ವಲ್ಲ ಕಣಮ್ಮ. ಅಲ್ಲೋದ್ ಮ್ಯಾಕೆ ಕೇಳಿದ್ರೆ ಏನಂತದೆ ಅದು.' ಅದಕ್ಕೆ ಮುಂಚೆ ಎಷ್ಟೋ ಸಲ ನೀವು ನನಗೆ ಹೇಳಿದ್ದಿರಿ: ಹೇಳಿಕೊಂಡು ಅಳುವುದು ಬದುಕಿರುವವರಿಗೆ ಅಲ್ಲ, ಹೋದವರಿಗೆ, ಯಾರ ಮಗಳು, ಯಾವ ಕೇರಿ, ಯಾರ ಕೈಯಲ್ಲಿ ಉಂಡವಳು ಎಂದು ಮೂರು ಸಲವಾದರೂ ಕಿವಿಗೆ ಹಾಕಿ ಕಳಿಸಬೇಕು, ಇಲ್ಲದಿದ್ದರೆ ಅಲ್ಲಿ ತಮ್ಮವರನ್ನು ಹುಡುಕಲಾರರು ಎಂದು. ನಾನು ಅದನ್ನು ನಂಬಿದ್ದೆ ಎಂದು ಹೇಳಲಾರೆ. ಈಗ ನಂಬುತ್ತೇನೆಯೇ ಎಂದರೂ ಗೊತ್ತಿಲ್ಲ. ಆದರೆ ಒಂದು ನೆನಪು ಬಿಡುತ್ತಿಲ್ಲ. ಹೋದ ವರ್ಷ ಶಾಲೆಯಿಂದ ಬಂದ ಸಹನಾ, 'ಅಮ್ಮ, ನಿಮ್ಮೂರಲ್ಲಿ ನಿಮ್ಮನೆ ಯಾವ ಕಡೆ ಅಂತ ಕೇಳಿದ್ರು, ಏನನ್ನಲಿ?' ಎಂದಿದ್ದಳು. ನಿಮ್ಮ ಮಗ 'ಮಧುಗಿರಿ ಅನ್ನು, ಸಾಕು' ಎಂದರು. ನೀವು ಅಡುಗೆಮನೆಯಿಂದ, 'ಯಾಕ್ಲಾ ಸುರೇಸ, ಕೆಳಗೇರಿ ಅಂದ್ರೆ ನಾಲ್ಗೆ ಸುಟ್ಟೋಯ್ತದಾ?' ಎಂದಿರಿ. ಎಲ್ಲರೂ ನಕ್ಕಿದ್ದೆವು. ಅವಳು ಮಧುಗಿರಿ ಎಂದೇ ಹೇಳಿಕೊಂಡು ಓಡಾಡಿದಳು. ಕೇಳಿದರೆ ಅಲ್ಲಿಯೂ ಅದನ್ನೇ ಹೇಳುತ್ತಾಳೆ.

ಲಕ್ಷ್ಮೀದೇವಿ ಅದನ್ನೆಲ್ಲ ಓದಿ ಮಡಿಸಿಟ್ಟು, ತಮ್ಮೂರಿನ ಒಂದು ಸಂಗತಿ ಹೇಳಿದರು. ಅವರಜ್ಜಿ ಸತ್ತಾಗ ನಮ್ಮ ಕೇರಿಯಂಥ ಕೇರಿಯಿಂದ ಹೆಂಗಸರನ್ನು ಕರೆಸಿದ್ದರಂತೆ ಅಳಲು. ಅವರು ಅಂಗಳದಲ್ಲಿ ನಿಂತು ಅತ್ತರಂತೆ, ಒಳಗೆ ಬಿಡಲಿಲ್ಲವಂತೆ. 'ನಮ್ಮೋರಿಗಿಂತ ಚೆನ್ನಾಗಿ ಅತ್ತೋರು ಅವ್ರೇ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮೈ ಉರಿಯಿತು. 'ನಿಮ್ಮ ಅಂಗಳದಲ್ಲಿ ಅಳುವುದಕ್ಕೆ ನಾನು ಬಂದಿಲ್ಲ' ಎಂದು ಸ್ಲೇಟಿನ ಮೇಲೆ ಬರೆದು ಅವರ ಮೇಜಿನ ಮೇಲೆ ಇಟ್ಟು, ಸ್ಲೇಟನ್ನೂ ಬಿಟ್ಟು ಬಂದೆ. ಎರಡು ವಾರ ಹೋಗಲಿಲ್ಲ. ಹಬ್ಬದ ಹೊತ್ತಿಗೆ ಆಕೆಯೇ ಸ್ಲೇಟು ಹಿಡಿದುಕೊಂಡು ಮನೆಗೆ ಬಂದರು. ನಾನು ಬರೆದದ್ದನ್ನು ಒರೆಸಿರಲಿಲ್ಲ. 'ನಾನು ಹೇಳಿದ್ದು ತಪ್ಪಾಯ್ತು ಅಂತ ಹೇಳೋಕೆ ಬಂದೆ. ಆದ್ರೆ ಒರೆಸೋದು ನೀವು' ಎಂದರು. ನಾನು ಕಾಫಿ ಮಾಡಿದೆ. ಅಡುಗೆಮನೆಯ ಬಾಗಿಲಲ್ಲೇ ನಿಂತು ಕುಡಿದರು. ಕುಡಿಯುತ್ತಾರೋ ಇಲ್ಲವೋ ಎಂದು ನಾನು ಲೋಟವನ್ನೇ ನೋಡುತ್ತಿದ್ದೆ, ಹಾಗೆ ನೋಡುತ್ತಿದ್ದೇನೆಂದು ಅವರಿಗೂ ತಿಳಿಯಿತು. ಮುಂದಿನ ವಾರದಿಂದ ಆ ಕೋಣೆಯಲ್ಲಿ ಕೂರುವುದು ಬಿಟ್ಟು, ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗಿನ ಕಟ್ಟೆಯಲ್ಲಿ ಕೂರುತ್ತಿದ್ದೇವೆ. ಅಲ್ಲಿಂದ ಬೆಟ್ಟ ಪೂರ್ತಿ ಕಾಣುತ್ತದೆ.

ಹೋದ ವಾರ ನಿಮ್ಮ ಮಗನನ್ನೂ ಕರೆದುಕೊಂಡು ಬರಲು ಹೇಳಿದರು. ಬರಲಾರರು ಎಂದುಕೊಂಡಿದ್ದೆ. ಅರ್ಧ ದಿನ ರಜೆ ಹಾಕಿ ಬಂದರು. ಮಂಜಮ್ಮ, ಇಲ್ಲಿಂದ ಮುಂದಿನದನ್ನು ತಪ್ಪದೆ ಓದು. ಅವರು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ. 'ಅಮ್ಮ ಬಾಯಿ ತೆಗ್ದ ತಕ್ಷಣ ನಂಗೆ ಮಗಳು ಕಾಣಿಸ್ಲಿಲ್ಲ ಮೇಡಂ. ನಮ್ಮೂರ ಮೇಲ್ಗೇರಿ ದೊಡ್ಡರಂಗಪ್ಪನ ಅಂಗಳ ಕಾಣಿಸ್ತು. ಅವ್ರ ತಾಯಿ ಸತ್ತಾಗ ನಮ್ಮಮ್ಮನ್ನ ಕರ್ಸಿ ಅಳ್ಸಿದ್ರು. ನೆಂಟ್ರು ತಡವಾಗಿ ಬಂದ್ರು ಅಂತ ಅವ್ರಿಗೋಸ್ಕರ ಇನ್ನೊಂದ್ ಸಲ ಅಳ್ಸಿದ್ರು. ಆಮೇಲೆ ಮೊರಕ್ಕೆ ರಾಗಿ ಹಾಕಿದ್ರು, ಮೇಲಿಂದ. ಮೊರ ಹಿಡ್ಕಂಡಿದ್ದೋನು ನಾನು. ನಮ್ಮಮ್ಮ ಇನ್ನ ಯಾರ ಮನೆ ಮುಂದ್ಲೂ ಅಳ್ಬಾರ್ದು ಅಂತ ಅವತ್ತೇ ಅಂದ್ಕಂಡೆ. ಓದಿದ್ದು, ಕೆಲ್ಸ ಹಿಡ್ದಿದ್ದು, ಬುದ್ಧನ ದೀಕ್ಷೆ ತಗಂಡಿದ್ದು ಎಲ್ಲಾ ಅದಕ್ಕೇಯ. ಬೀದಿಯೋರು ಬಾಗ್ಲಾಗೆ ನಿಂತಿದ್ರಲ್ಲ, ಅವ್ರ ಮುಂದೆ ಅಳ್ತಾವ್ಳೆ ಅನ್ನುಸ್ಬುಡ್ತು.' ಆಮೇಲೆ, 'ಓನರ್‌ಗೆ ಗೊತ್ತಾಗ್ಬುಡ್ತದೆ ಅಂತ್ಲೂ ಭಯ ಇತ್ತು. ಇಲ್ಲ ಅಂತ ಸುಳ್ಳು ಯೋಳಲ್ಲ' ಎಂದರು. ಅತ್ತೆ, ಕಚೇರಿಯ ಭಾಷೆ ಬಿಟ್ಟು ನಿಮ್ಮ ಮಗ ಊರಿನ ಮಾತಾಡಿದ್ದನ್ನು ನಾನು ಈ ಊರಿನಲ್ಲಿ ಕೇಳಿದ್ದು ಅದೇ ಮೊದಲು.

ಲಕ್ಷ್ಮೀದೇವಿ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. 'ಈಗ ನಿಮ್ಮಮ್ಮ ಬಂದು ಆ ಮನೇಲೇ ಅತ್ರೆ, ನೀವೆಲ್ಲಿ ನಿಂತ್ಕಂತೀರ?' ಎಂದು ಕೇಳಿದರು. 'ಬಾಗ್ಲ ಹತ್ರ.' 'ಮುಚ್ಚೋಕಾ?' 'ಅಲ್ಲ. ತೆಗ್ದಿಡೋಕೆ.'

ಅವತ್ತು ಮನೆಗೆ ಬಂದವರೇ ಮಲಗುವ ಕೋಣೆಯಲ್ಲಿದ್ದ ಬಾಬಾಸಾಹೇಬರ ಪಟ ತಂದು ಹಾಲ್‌ನಲ್ಲಿ ಬುದ್ಧನ ಪಕ್ಕಕ್ಕೆ ಮೊಳೆ ಹೊಡೆದು ಹಾಕಿದರು. ಬುದ್ಧನನ್ನು ಕಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಈಗ ಎಲ್ಲರ ಮನೆಯಲ್ಲೂ ಒಂದು ಬುದ್ಧ ಇರುತ್ತಾನೆ. ಈ ಪಟ ಹಾಗಲ್ಲ. ಅದರ ಪಕ್ಕದಲ್ಲಿ ಸಹನಾಳ ಫೋಟೋ ಹಾಕಿದೆವು. ಅದರ ಮರುದಿನವೋ ಏನೋ, ಮಾಲೀಕರ ಹೆಂಡತಿ ನಮ್ಮ ಪಾತ್ರೆ ವಾಪಸು ಕೊಡಲು ಬಂದವರು ತೆರೆದ ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ನಾನು ಕೈ ಚಾಚಿದೆ. ಅವರು ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟು ಮೇಲೆ ಹೋದರು. ಸಹನಾಳಿಗೆ ಯುಗಾದಿ ಯುಗಾದಿಗೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದವರು ಅವರೇ. ಸಂಜೆ ಮಹಾಲಿಂಗಯ್ಯನವರು ಬಂದು, ಒಳಗೆ ಬರದೆ, 'ಪ್ರಭುದೇವ್‌ಗೆ ಹೆಣ್ಣು ನೋಡ್ತಾ ಇದೀವಿ ಸಾರ್, ಮನೆ ನಮಗೇ ಬೇಕಾಗ್ತದೆ, ಹೊಸ ವರ್ಷದೊಳಗೆ ನೋಡ್ಕಂಡ್ಬುಡಿ' ಎಂದರು. ಅವರ ಮಗ ಪ್ರಭುದೇವ್ ಇನ್ನೂ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾನೆ. ನಿಮ್ಮ ಮಗ 'ಆಗಲಿ ಸಾರ್' ಎಂದರು. ಬಾಗಿಲು ಹಾಕಿಕೊಂಡು ಬಂದು ಬಹಳ ಹೊತ್ತು ಸಹನಾಳ ಪುಸ್ತಕಗಳನ್ನು ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಜೋಡಿಸುತ್ತ ಕೂತಿದ್ದರು.

ಹೊಸ ಮನೆ ಸಿಗುವುದು ಸುಲಭವಿಲ್ಲ. ಈ ಸಲ ಯಾವ ಜನ ಎಂದು ಕೇಳಿದವರಿಗೆ ಇದ್ದದ್ದನ್ನು ಹೇಳಿಯೇ ಮನೆ ಹುಡುಕುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಅವರು ಮಾತಾಡಿದರು, ನಾನು ತಲೆಯಾಡಿಸಿದೆ. ಈಗಾಗಲೇ ಎರಡು ಕಡೆ 'ಆಮೇಲೆ ತಿಳಿಸ್ತೀವಿ' ಎಂದಿದ್ದಾರೆ.

ಅದಕ್ಕೇ ಈ ಕಾಗದ. ಸಾವಾಗಿ ವರ್ಷ ತುಂಬುವ ತನಕ ಮೊದಲ ಸಲ ಮುಖ ನೋಡಿದವರು ಕೊರಳಿಗೆ ಬಿದ್ದು ಅಳಬಹುದು, ಅದು ಸಲ್ಲುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ಮಣ್ಣು ಮಾಡಿದ ದಿನ ನಾವು ಒಬ್ಬರನ್ನೊಬ್ಬರು ನೋಡಲಿಲ್ಲ, ಒಂದೇ ಜಾಗದಲ್ಲಿ ಇದ್ದೆವು ಅಷ್ಟೇ. ಈ ಮನೆ ಬಿಡುವುದಕ್ಕೆ ಮುಂಚೆ ನೀವು ಒಂದು ಸಲ ಬರಬೇಕು. ಅವಳನ್ನು ಮಲಗಿಸಿದ್ದ ಕಡೆ ಕೂತು, ನಿಲ್ಲಿಸಿದ ಮಾತಿನಿಂದಲೇ ಮತ್ತೆ ಎತ್ತಬೇಕು. ಬೀದಿಯವರು ಕೇಳಿಸಿಕೊಳ್ಳಲಿ. ನನಗೆ ಅದರಿಂದ ದನಿ ಬರುತ್ತದೆಂದು ಲಕ್ಷ್ಮೀದೇವಿ ಹೇಳಿಲ್ಲ. ನಾನು ಕೇಳಿದ್ದಕ್ಕೆ, 'ಗೊತ್ತಿಲ್ಲ. ಬರದೆಯೂ ಇರಬಹುದು. ಆದ್ರೂ ಅವರು ಅಳ್ಬೇಕಲ್ವ' ಎಂದರು. ಅವರು ಹಾಗೆ ಹೇಳಿದ್ದರಿಂದಲೇ ನಾನು ಅವರ ಮಾತು ಕೇಳುತ್ತಿದ್ದೇನೆ.

ಹೇಳಿಕೊಂಡು ಅಳುವುದನ್ನು ಕಲಿಸಿ ಎಂದು ನಾನು ಮದುವೆಯಾದ ಹೊಸದರಲ್ಲಿ ನಿಮ್ಮನ್ನು ಕೇಳಿದ್ದು ನೆನಪಿದೆಯೇ. ನೀವು ನಕ್ಕು, 'ಇಸ್ಕೂಲ್ ಪದ್ಯ ಅಲ್ಲ ಕಣಮ್ಮ ಅದು, ಕಲ್ಸೋಕೆ. ಕೂತ್ಕಂಡಾಗ ತಾನೇ ಬರ್ತದೆ ಬುಡು' ಎಂದಿದ್ದಿರಿ.

ಬರುವಾಗ ಮಂಜಮ್ಮನನ್ನು ಜೊತೆಗೆ ಕರೆದುಕೊಂಡು ಬನ್ನಿ. ಅವಳ ಮನೆಯವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಪ್ರೀತಿ. ನಿಮ್ಮ ಮಗ ತಾವೂ ಎರಡು ಸಾಲು ಬರೆಯುತ್ತೇನೆಂದು ಪೆನ್ನು ತೆಗೆದುಕೊಂಡು ಕೂತಿದ್ದರು, ಬರೆಯಲಾಗಲಿಲ್ಲ. ಅಮ್ಮನ ಕಾಲಿಗೆ ಬಿದ್ದೆ ಅಂತ ಬರಿ ಎಂದು ನನಗೇ ಹೇಳಿದರು. ಬರೆದಿದ್ದೇನೆ. ಶಾಲು ಹೊದ್ದುಕೊಳ್ಳದೆ ಹೊರಗೆ ಕೂರಬೇಡಿ.

ನಿಮ್ಮ ಸೊಸೆ,
ರಾಧಾಮಣಿ

ತಾ.ಕ.: ಸೋಮವಾರ ಬೆಳಗ್ಗೆ. ಇದನ್ನು ಅಂಚೆಗೆ ಹಾಕಲು ಹೊರಟಾಗ ಮಂಜಮ್ಮನ ಫೋನು ಬಂತು, ನಿಮ್ಮ ಮಗ ತೆಗೆದರು. ದೀಪಾವಳಿಯಿಂದ ನೀವು ಸರಿಯಾಗಿ ಉಣ್ಣುತ್ತಿಲ್ಲವಂತೆ, ಈಗ ಗಂಜಿಯನ್ನೂ ಬಿಟ್ಟಿದ್ದೀರಂತೆ, ಗೋಡೆಯ ಕಡೆ ತಿರುಗಿ ಮಲಗಿದ್ದೀರಂತೆ. ಆಸ್ಪತ್ರೆ ಬೇಡ, ಸುರೇಸನಿಗೆ ಹೇಳಬೇಡ ಎಂದು ಆಣೆ ಹಾಕಿಸಿದ್ದಿರಂತೆ. ಮೇಲೆ ಬನ್ನಿ ಎಂದು ಬರೆದದ್ದನ್ನು ಬಿಟ್ಟುಬಿಡಿ, ನೀವು ಬರುವುದು ಬೇಡ. ನಾಳೆ ಬೆಳಗಿನ ಪಾವಗಡದ ಬಸ್ಸಿಗೆ ನಾವೇ ಬರುತ್ತೇವೆ. ಕಾಗದವನ್ನು ಇವತ್ತೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಯಾಕೆಂದರೆ ನಾಳೆ ನಿಮ್ಮ ಮುಂದೆ ಬಂದು ನಿಂತಾಗ ಇದ್ಯಾವುದನ್ನೂ ನಾನು ಹೇಳಲಾರೆ. ಒಂದು ಮಾತು ಯೋಚನೆ ಮಾಡಿ. ನಮ್ಮ ಮನೆಯಲ್ಲಿ ನಿಮ್ಮ ನಂತರದ ಹಿರಿಯ ಹೆಂಗಸು ನಾನು. ನೀವು ಹೋದರೆ ಎತ್ತಿಕೊಡಬೇಕಾದವಳು ನಾನು. ನನಗೆ ದನಿಯಿಲ್ಲ. ನಾನು ಎತ್ತದಿದ್ದರೆ ಕೇರಿಯಲ್ಲಿ ಯಾರೂ ಬಾಯಿ ತೆಗೆಯುವುದಿಲ್ಲ, ನೀವೂ ಯಾರ ಮನೆಯವರೆಂದು ಹೇಳಿಸಿಕೊಳ್ಳದೆ ಹೋಗುತ್ತೀರಿ. ಆಮೇಲೆ ಅಲ್ಲಿ ನೀವು ಅವಳನ್ನು ಹುಡುಕುವುದು ಹೇಗೆ, ಅವಳು ನಿಮ್ಮನ್ನು ಹುಡುಕುವುದು ಹೇಗೆ. ನಾಳೆ ನಾನು ಬರುವ ತನಕ ಒಂದಿಷ್ಟು ಹೊಟ್ಟೆಗೆ ಹಾಕಿಕೊಂಡು ಇರಿ. ಮಂಜಮ್ಮ, ಓದುವುದನ್ನು ಇಲ್ಲಿಗೆ ನಿಲ್ಲಿಸಿ ಗಂಜಿ ತೆಗೆದುಕೊಂಡು ಬಾ.